ಮೂರು ಕಾಲಿನ ಪೆಟ್ಟಿಗೆಯ ಮುಂದೆ ಕೂತವರು

ಹೆಬ್ರಿಯಿಂದ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದವನು 1877ರಲ್ಲಿ ಒಂದು ಆಡಳಿತದಿಂದ ಇನ್ನೊಂದಕ್ಕೆ ಕಾಲಿಡುತ್ತಿದ್ದ. ಘಾಟಿಯ ಕೆಳಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಮೇಲೆ ಮೈಸೂರು. ರಾಜ್ಯ ಒಡೆಯರಿಗೆ ಮರಳಲು ಇನ್ನೂ ನಾಲ್ಕು ವರ್ಷವಿತ್ತು, ಅಲ್ಲಿಯವರೆಗೆ ಬ್ರಿಟಿಷ್ ಕಮಿಷನರರದೇ ಕಾರುಬಾರು. ಘಾಟಿಯ ನೆತ್ತಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿಂದ ಮೂಡಣಕ್ಕೆ ಹಲವು ದಿನಗಳ ಗಾಡಿ ದಾರಿಯಲ್ಲಿರುವ ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರದ ಬಯಲುಗಳಲ್ಲಿ 1876ರ ಮಳೆ ಕೈಕೊಟ್ಟಿತ್ತು. ಧಾತು ಸಂವತ್ಸರ ಹಾಗೇ ಕಳೆಯಿತು. ಈಶ್ವರ ಸಂವತ್ಸರದಲ್ಲೂ ಹಸಿವು ಮುಗಿಯಲಿಲ್ಲ. ಆ ಎರಡು ವರ್ಷಗಳ ಹೆಸರನ್ನೇ ಜನ ಬರಕ್ಕೆ ಇಟ್ಟರು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು.

ಬರ ಈ ನಾಡಿಗೆ ಹೊಸದೇನಲ್ಲ. 1791-92ರ ಬರಕ್ಕೆ ಬಳ್ಳಾರಿ, ಧಾರವಾಡದ ಕಡೆ ಬುರುಡೆಗಳ ಬರವೆಂದೇ ಹೆಸರು. ಸುಡಲು, ಹೂಳಲು ಯಾರೂ ಇಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವಂತೆ. ಆ ಬರ ನಮಗೆ ಮಾತಿನಲ್ಲಿ ಉಳಿಯಿತು. ಧಾತು ಈಶ್ವರದ ಬರ ಗಾಜಿನ ಫಲಕದ ಮೇಲೂ ಉಳಿಯಿತು. ಹಸಿದವರ ಮುಂದೆ ಮೂರು ಕಾಲಿನ ಪೆಟ್ಟಿಗೆ ನಿಲ್ಲಿಸಿ, ಕರಿಬಟ್ಟೆಯೊಳಗೆ ತಲೆ ತೂರಿಸಿ, ಅಲುಗಾಡಬೇಡಿ ಎಂದು ಹೇಳಿದ ದಕ್ಷಿಣ ಭಾರತದ ಮೊದಲ ದೊಡ್ಡ ಬರ ಅದು.

ಹಾಗೆ ಹೇಳಿದವರಲ್ಲಿ ಹೆಸರಾದವನು ವಿಲ್ಲೋಬಿ ವಾಲೇಸ್ ಹೂಪರ್. ಹುಟ್ಟಿದ್ದು 1837ರಲ್ಲಿ. 1858ರಲ್ಲಿ ಮದರಾಸಿನ ಅಶ್ವದಳ ಸೇರಿದ ಅಧಿಕಾರಿ. ಸೈನ್ಯದ ಕೆಲಸದ ನಡುವೆಯೇ ಚಿತ್ರ ತೆಗೆಯುವ ಗೀಳು ಹತ್ತಿಸಿಕೊಂಡ. ಸರ್ಕಾರ ಹೊರತಂದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಜಾತಿ ಬುಡಕಟ್ಟುಗಳ ಚಿತ್ರಸಂಪುಟಗಳಿಗೆ ಮಧ್ಯಪ್ರಾಂತ್ಯದಿಂದ ಚಿತ್ರ ಕಳಿಸಿದವರಲ್ಲಿ ಅವನೂ ಒಬ್ಬ. 1870ರ ದಶಕದ ಆರಂಭದಲ್ಲಿ ಪಶುವೈದ್ಯ ಜಾರ್ಜ್ ವೆಸ್ಟರ್ನ್ ಜೊತೆ ಸೇರಿ ಹುಲಿಬೇಟೆಯ ಚಿತ್ರಮಾಲೆಯೊಂದನ್ನು ಮಾಡಿದ. ಬೇಟೆಯ ರೋಮಾಂಚನವೆಲ್ಲ ಕ್ಯಾಮೆರಾಗಾಗಿ ಜೋಡಿಸಿದ್ದು. ಆಗಿನ ತಂತ್ರದಲ್ಲಿ ಜಿಗಿಯುವ ಹುಲಿ ಫಲಕಕ್ಕೆ ಸಿಗುವುದು ಸಾಧ್ಯವೇ ಇರಲಿಲ್ಲ. ಈ ಹಿನ್ನೆಲೆ ಮುಖ್ಯ. ಬರದ ಶಿಬಿರಕ್ಕೆ ಬರುವ ಹೊತ್ತಿಗೆ ಹೂಪರ್ ಜೀವಿಗಳನ್ನು ಹೇಗೆ ಕೂರಿಸಬೇಕು, ಹಿಂದೆ ಏನಿರಬೇಕು ಎಂಬುದರಲ್ಲಿ ಪಳಗಿದ್ದ.

ಅವನ ಬರದ ಚಿತ್ರಗಳನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮದರಾಸಿನ ಒಂದು ಅಂಗಳ ಅಥವಾ ಗೋಡೆ. ನೆಲದ ಮೇಲೆ ಏಳೆಂಟು ಜನ, ಮುಂದೆ ಮಕ್ಕಳು, ಹಿಂದೆ ದೊಡ್ಡವರು, ಮದುವೆ ಮನೆಯ ಗುಂಪುಚಿತ್ರದ ಶಿಸ್ತಿನಲ್ಲೇ. ಪಕ್ಕೆಲುಬು ಎಣಿಸಬಹುದು. ಕೈಕಾಲುಗಳಲ್ಲಿ ಗಂಟು ಮಾತ್ರ ಉಳಿದಿದೆ. ಕೆಲವರು ನೇರ ನಮ್ಮನ್ನೇ ನೋಡುತ್ತಾರೆ, ಕೆಲವರಿಗೆ ನೋಡುವ ಶಕ್ತಿಯೂ ಇದ್ದಂತಿಲ್ಲ. ಕೆಳಗೆ ಅಡಿಬರಹಗಳಿವೆ. ಒಂದರಲ್ಲಿ 'ಕೈಬಿಟ್ಟವರು'. ಇನ್ನೊಂದು ಚಿತ್ರಕ್ಕೆ 'ಹಿಂಡಿನಲ್ಲಿ ಉಳಿದ ಕೊನೆಯದು'. ಮತ್ತೊಂದಕ್ಕೆ 'ಉಚಿತ ಪರಿಹಾರಕ್ಕೆ ಅರ್ಹರು'. ಒಬ್ಬರ ಹೆಸರೂ ಇಲ್ಲ, ಊರೂ ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಈ ಕೊನೆಯ ಅಡಿಬರಹ. ಅದರ ಹಿಂದೆ ಒಂದು ಆಡಳಿತವೇ ನಿಂತಿದೆ. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ವೈಸರಾಯ್ ಲಿಟ್ಟನ್ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಬರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ. ಖರ್ಚು ಹಿಡಿಯುವುದು ಅವನ ಕೆಲಸ. ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕು ಎಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಇದು ಮನುಷ್ಯ ಬದುಕುವ ಅಳತೆಯಲ್ಲ ಎಂದು ಲೆಕ್ಕ ಸಮೇತ ಜಗಳಕ್ಕೆ ನಿಂತ. ಇಡೀ ಪರಿಹಾರ ನಿಂತದ್ದು ಒಂದು ವಿಂಗಡಣೆಯ ಮೇಲೆ: ಮೈಯಲ್ಲಿ ಕಸುವಿದ್ದವರು ಕೆರೆ, ರಸ್ತೆ, ಕಾಲುವೆಯ ಕೆಲಸಕ್ಕೆ ಹೋಗಬೇಕು, ಇನ್ನು ಆಗುವುದೇ ಇಲ್ಲ ಎನ್ನುವವರಿಗಷ್ಟೇ ಪುಕ್ಕಟೆ ಗಂಜಿ. ಯಾರು ಸಾಕಷ್ಟು ಸೊರಗಿದ್ದಾರೆ, ಯಾರು ಇನ್ನೂ ಸೊರಗಬೇಕು ಎಂಬುದನ್ನು ಅಧಿಕಾರಿಯ ಕಣ್ಣು ತೀರ್ಮಾನಿಸುತ್ತಿತ್ತು. ಹೂಪರನ ಕ್ಯಾಮೆರಾ ಆ ಕಣ್ಣಿನ ಜಾಗದಲ್ಲೇ ನಿಂತಿದೆ. 'ಅರ್ಹರು' ಎಂಬುದು ಕಚೇರಿಯ ಮಾತು.

ಆ ಚಿತ್ರಗಳಿಂದ ಉಪಯೋಗವೇ ಆಗಲಿಲ್ಲ ಎನ್ನಲು ಬರುವುದಿಲ್ಲ. ಫೋಟೋವನ್ನು ಪತ್ರಿಕೆಯ ಪುಟದಲ್ಲಿ ನೇರ ಅಚ್ಚು ಹಾಕುವ ವಿದ್ಯೆ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. ಬರದ ಚಿತ್ರಗಳನ್ನು ನೋಡಿ ಮರದ ಅಚ್ಚು ಕೆತ್ತಿ ಇಂಗ್ಲೆಂಡಿನ ಸಚಿತ್ರ ವಾರಪತ್ರಿಕೆಗಳು ಪ್ರಕಟಿಸಿದವು. 1877ರ ಆಗಸ್ಟಿನಲ್ಲಿ ಲಂಡನ್ನಿನ ಮೇಯರ್ ತೆರೆದ ಮ್ಯಾನ್ಷನ್ ಹೌಸ್ ನಿಧಿಗೆ 5 ಲಕ್ಷ ಪೌಂಡಿಗೂ ಮೀರಿ ಹಣ ಬಂತು. ಆ ಹಣದಿಂದ ಬಟ್ಟೆ, ಬೀಜ, ಎತ್ತು ಕೊಂಡು ಮತ್ತೆ ಹೊಲಕ್ಕಿಳಿದವರಿದ್ದಾರೆ. ಆದರೆ ಹೂಪರನ ಹೆಸರಿಗೆ ಇನ್ನೊಂದು ಮಾತೂ ಅಂಟಿಕೊಂಡಿದೆ: ಹಸಿದವರನ್ನು ತಂಡ ತಂಡವಾಗಿ ಕರೆಸಿ, ಚಿತ್ರ ತೆಗೆದು, ಅನ್ನವನ್ನೂ ಔಷಧವನ್ನೂ ಕೊಡದೆ ಕಳಿಸಿದ ಎಂಬ ಆಪಾದನೆ.

ಇಂಥ ಕಡೆ ನಾವು ಸಾಮಾನ್ಯವಾಗಿ ಒಂದು ಮಾತು ಆಡಿ ಮುಂದೆ ಹೋಗುತ್ತೇವೆ. ಆ ಕಾಲವೇ ಹಾಗಿತ್ತು, ಆಗಿನವರಿಗೆ ಇದರಲ್ಲಿ ತಪ್ಪು ಕಾಣುತ್ತಿರಲಿಲ್ಲ, ಈಗಿನ ಅಳತೆಗೋಲಿನಿಂದ ಅಳೆಯಬಾರದು ಎಂದು. ಇತಿಹಾಸ ಓದುವಾಗ ಈ ಎಚ್ಚರ ಒಳ್ಳೆಯದೇ. ಆದರೆ ಈ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಬಡವರ ಚಿತ್ರದ ನ್ಯಾಯ ಅನ್ಯಾಯ ಅದೇ 1877ರಲ್ಲಿ, ಅದೇ ಲಂಡನ್ನಿನಲ್ಲಿ ವಿಚಾರಣೆಗೆ ಬಂದಿತ್ತು.

ಅನಾಥ ಮಕ್ಕಳ ಆಶ್ರಮ ನಡೆಸುತ್ತಿದ್ದ ಥಾಮಸ್ ಬರ್ನಾರ್ಡೊ ಎಂಬಾತ ಜೋಡಿ ಫೋಟೋಗಳನ್ನು ಮಾರಿ ಆಶ್ರಮಕ್ಕೆ ಹಣ ಕೂಡಿಸುತ್ತಿದ್ದ. ಒಂದರಲ್ಲಿ ಚಿಂದಿಯುಟ್ಟ ಬೀದಿಹುಡುಗ, ಇನ್ನೊಂದರಲ್ಲಿ ಆಶ್ರಮದಲ್ಲಿ ಶುಚಿಯಾಗಿ ಬಟ್ಟೆ ತೊಟ್ಟು ಕೆಲಸ ಕಲಿಯುತ್ತಿರುವ ಅದೇ ಹುಡುಗ. ಮಕ್ಕಳು ಇದ್ದುದಕ್ಕಿಂತ ದೀನರಾಗಿ ಕಾಣುವಂತೆ ವೇಷ ಕಟ್ಟಿಸುತ್ತಾನೆ ಎಂಬ ದೂರು ಬಂತು. ಪಂಚಾಯಿತಿ ಕೂತು ಆಶ್ರಮದ ಮೇಲಿದ್ದ ಹೆಚ್ಚಿನ ಆರೋಪಗಳಿಂದ ಅವನನ್ನು ಬಿಡುಗಡೆ ಮಾಡಿತು. ಚಿತ್ರಗಳ ವಿಷಯದಲ್ಲಿ ಮಾತ್ರ ಇಂಥ ಕಲ್ಪಿತ ಕಲಾಕೃತಿ ಸರಿಯಲ್ಲ ಎಂದು ಬುದ್ಧಿ ಹೇಳಿತು. ಅದೇ ವರ್ಷ ಜಾನ್ ಥಾಮ್ಸನ್ ಮತ್ತು ಅಡಾಲ್ಫ್ ಸ್ಮಿತ್ ಲಂಡನ್ ಬೀದಿಯ ಬಡವರ ಚಿತ್ರಗಳನ್ನು ಬಿಡಿ ಸಂಚಿಕೆಗಳಾಗಿ ತರುತ್ತಿದ್ದರು. ಪ್ರತಿ ಚಿತ್ರದ ಜೊತೆ ಆ ಮನುಷ್ಯನ ಕಸುಬು, ಗಳಿಕೆ, ಅವನದೇ ಮಾತು. ಆ ಸಂಚಿಕೆಗಳಿಗೂ ಅವುಗಳದೇ ಓರೆಕೋರೆಗಳಿವೆ. ಆದರೂ ಲಂಡನ್ನಿನ ಬಡವನಿಗೆ ಮಾತು ಸಿಕ್ಕಿತು, ಮದರಾಸಿನವನಿಗೆ ಸಿಗಲಿಲ್ಲ. ತಂತ್ರ ಎರಡೂ ಕಡೆ ಒಂದೇ ಆಗಿತ್ತು.

ಹೂಪರನಿಗೂ ಕಡೆಗೆ ವಿಚಾರಣೆ ಬಂತು, ಬರದ ಚಿತ್ರಗಳಿಗಲ್ಲ. 1886ರ ಆರಂಭದಲ್ಲಿ ಅವನು ಮಂಡಲೆಯಲ್ಲಿ ಸೈನ್ಯದ ಪ್ರೊವೊಸ್ಟ್ ಮಾರ್ಷಲ್. ದರೋಡೆಕೋರರೆಂದು ಹಿಡಿದ ಬರ್ಮೀಯರನ್ನು ಸಾಲಾಗಿ ನಿಲ್ಲಿಸಿ ಗುಂಡು ಹಾರಿಸುವಾಗ, ಗುಂಡು ಮೈಗೆ ತಾಗುವ ಕ್ಷಣವೇ ಫಲಕದಲ್ಲಿ ಸಿಗಬೇಕೆಂದು ಕ್ಯಾಮೆರಾ ಹೂಡಿದ. 'ಟೈಮ್ಸ್' ಪತ್ರಿಕೆಯ ವರದಿಗಾರ ಮೊಯ್ಲನ್ ಇದನ್ನು ಲಂಡನ್ನಿಗೆ ತಂತಿ ಹೊಡೆದ. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ಸೇನಾ ವಿಚಾರಣೆ ನಡೆದು ಛೀಮಾರಿ, ಸಂಬಳ ಕಡಿತ. ಮರುವರ್ಷ ಅವನ ಬರ್ಮಾ ಚಿತ್ರಗಳ ಆಲ್ಬಮ್ ಹೊರಬಂತು, ಮಾರಾಟಕ್ಕೂ ಬಂತು. ಶಿಕ್ಷೆ ಅಷ್ಟಕ್ಕೇ ನಿಂತಿತು.

ಈಗ ಘಾಟಿ ಇಳಿದು ಹೆಬ್ರಿಯ ಕಡೆ ಬರೋಣ. ಇಲ್ಲಿ ಮೈಸೂರಿನಂಥ ಬರವಿರಲಿಲ್ಲ. ಮಳೆ, ಗದ್ದೆ, ಸೀತಾನದಿ ಎಲ್ಲವೂ ಇದ್ದವು. ಆದರೆ ಬಡತನಕ್ಕೆ ಬರವೇ ಬೇಕೆಂದಿಲ್ಲ. ಕಾರ್ಕಳ, ಉಡುಪಿ, ಕಾಪುವಿನ ಊರುಗಳ ಅಂಚಿನಲ್ಲಿ ಬುಟ್ಟಿ ಹೆಣೆಯುತ್ತ, ಡೋಲು ಬಡಿಯುತ್ತ ಬದುಕಿದ್ದ ಕೊರಗರು ಮಳೆ ಚೆನ್ನಾಗಿ ಬಂದ ವರ್ಷವೂ ಎಂಜಲನ್ನೇ ಉಣ್ಣಬೇಕಾಗಿತ್ತು. ತುಳುನಾಡನ್ನು ಒಮ್ಮೆ ಆಳಿದ ಹುಬಾಶಿಕನೆಂಬ ಅರಸನ ಪಡೆ ತಾವು, ಸೋತ ಮೇಲೆ ಕಾಡಿಗೆ ಅಟ್ಟಿಸಿಕೊಂಡೆವು ಎಂಬ ಐತಿಹ್ಯ ಅವರ ಬಗ್ಗೆ ಇದೆ. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದಮೇಲೂ ಊರ ಕಟ್ಟುಪಾಡು ಅಲುಗಲಿಲ್ಲ. ಅಂಡೆ ಕೊರಗರೆಂಬ ಪಂಗಡದವರು ಕೊರಳಿಗೆ ಪಾತ್ರೆ ಕಟ್ಟಿಕೊಂಡೇ ದಾರಿ ನಡೆಯಬೇಕಿತ್ತು. ಅವರ ಉಗುಳು ದಾರಿಗೆ ಬಿದ್ದರೆ ಮೈಲಿಗೆ. ಸೊಪ್ಪು ಕೊರಗರೆಂದು ಕರೆಸಿಕೊಂಡವರು ಬಟ್ಟೆಯ ಬದಲು ಎಲೆ ಉಡಬೇಕಿತ್ತು.

ಈ ಎಲೆಯೇ ಹೊರಗಿನವರನ್ನು ಸೆಳೆದದ್ದು. ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ವಾಲ್‌ಹೌಸ್ 1875ರಲ್ಲಿ ಲಂಡನ್ನಿನ ಮಾನವಶಾಸ್ತ್ರ ಪತ್ರಿಕೆಗೆ ಪಶ್ಚಿಮ ಕರಾವಳಿಯ ಎಲೆಯುಡುವ ಬುಡಕಟ್ಟಿನ ಬಗ್ಗೆ ಲೇಖನ ಕಳಿಸಿದ. ಒಳಗೆ ಅವನೇ ಬರೆದ ಸಂಗತಿ ಬೇರೆ ಇದೆ. ಎಲೆ ಉಡುವುದು ಮೊದಲು ಹೇರಿದ ಅವಮಾನದ ಗುರುತು. ಅವನ ಕಾಲಕ್ಕೆ ಆ ಕಟ್ಟುಪಾಡು ಸಡಿಲವಾಗಿ ಹೆಂಗಸರು ಬಟ್ಟೆಯನ್ನೇ ಉಡುತ್ತಿದ್ದರು. ಬಿಟ್ಟರೆ ಕೇಡಾದೀತೆಂಬ ಅಂಜಿಕೆಯಿಂದ ಬಟ್ಟೆಯ ಮೇಲೆ ಹಿಂದುಗಡೆ ಒಂದಿಷ್ಟು ಸೊಪ್ಪು ಕಟ್ಟಿಕೊಳ್ಳುತ್ತಿದ್ದರು, ಅಷ್ಟೇ. ಲೇಖನದ ತಲೆಬರಹದಲ್ಲಿ ಎಲೆ ಉಳಿಯಿತು, ಎಲೆ ಹೇರಿದವರು ಕಾಣೆಯಾದರು. ಕೊರಗರ ಬಗ್ಗೆ ಮುಂದೆ ಬಂದ ಬರಹ, ಚಿತ್ರಗಳಲ್ಲಿ ಬಹುಪಾಲು ನಡೆದದ್ದು ಇದೇ. ಕ್ಯಾಮೆರಾ ಉಟ್ಟದ್ದನ್ನು ಹಿಡಿಯುತ್ತದೆ. ಯಾಕೆ ಉಟ್ಟರು ಎಂಬುದನ್ನು ಹಿಡಿಯಲು ಅದರಲ್ಲಿ ಜಾಗವಿಲ್ಲ.

ಮದರಾಸು ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿ 1885ರಿಂದ 1908ರವರೆಗೆ ಇದ್ದ ಎಡ್ಗರ್ ಥರ್ಸ್ಟನ್ ಈ ಕೆಲಸವನ್ನು ದೊಡ್ಡ ಪ್ರಮಾಣಕ್ಕೆ ಏರಿಸಿದ. ಕ್ಯಾಮೆರಾದ ಜೊತೆ ಮೂಗು, ತಲೆ ಅಳೆಯುವ ಕೈವಾರವನ್ನೂ ಹೊತ್ತು ಪ್ರಾಂತ್ಯ ಸುತ್ತಿದ. ಸಹಾಯಕ ಕೆ. ರಂಗಾಚಾರಿ ಜೊತೆ ಸೇರಿ 1909ರಲ್ಲಿ ಏಳು ಸಂಪುಟಗಳ ಜಾತಿಕೋಶ ಹೊರತಂದ. ಅದರ ಕೊರಗ ಅಧ್ಯಾಯ ವಾಲ್‌ಹೌಸನ ಬರಹ ಮತ್ತು ಉಳ್ಳಾಲ ರಾಘವೇಂದ್ರ ರಾಯರ ಉಪನ್ಯಾಸವನ್ನು ಬಹಳಷ್ಟು ಆಧರಿಸಿದೆ. ಆ ಸಂಪುಟಗಳ ಚಿತ್ರಗಳಲ್ಲಿ ಮನುಷ್ಯರ ಕೆಳಗೆ ಜಾತಿಯ ಹೆಸರಿರುತ್ತದೆ, ಮನುಷ್ಯರ ಹೆಸರಿರುವುದು ಅಪರೂಪ.

ಅಲ್ಲೇ ಥರ್ಸ್ಟನ್ ನಗೆಚಾಟಿಕೆಯಾಗಿ ಹೇಳಿಕೊಂಡ ಒಂದು ಸಂಗತಿ ಇದೆ. ವಯನಾಡಿನಲ್ಲಿ ಅವನು ಕಾಣಿಸಿಕೊಂಡ ಕೂಡಲೇ ಪಣಿಯ ಬುಡಕಟ್ಟಿನ ಹೆಂಗಸರು ಓಡಿಹೋದರಂತೆ. ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ, ಹೊಟ್ಟೆಗೆ ಹುಲ್ಲು ತುಂಬಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾನೆ ಎಂಬ ಹೆದರಿಕೆ. ಅವನಿಗೆ ಇದು ಕಾಡುಜನರ ಮುಗ್ಧತೆ. ನನಗೆ ಹಾಗನಿಸುವುದಿಲ್ಲ. ಆ ಹೆಂಗಸರು ವಿವರದಲ್ಲಿ ತಪ್ಪಿದರು, ವಿಷಯದಲ್ಲಿ ಅಲ್ಲ. ಬಂದವನು ತಮ್ಮನ್ನು ಮಾದರಿಗಳಾಗಿ ಒಯ್ಯಲು ಬಂದಿದ್ದಾನೆ ಎಂಬುದನ್ನು ಅವರು ಸರಿಯಾಗಿಯೇ ಗ್ರಹಿಸಿದ್ದರು. ಫೋಟೋ ಬೇಡ ಎನ್ನಲು ಅವರಿಗಿದ್ದ ದಾರಿಯೂ ಅದೊಂದೇ, ಕಾಡಿನ ಕಡೆ ಓಡುವುದು. ನಿಂತವರ ಚಿತ್ರಗಳು ನಮಗೆ ಸಿಕ್ಕಿವೆ. ಓಡಿದವರ ಅಭಿಪ್ರಾಯ ಅವನ ಒಂದು ಹಾಸ್ಯದ ವಾಕ್ಯದಲ್ಲಷ್ಟೇ ಉಳಿದಿದೆ.

ಮುಂದಿನ ಅರ್ಧ ಶತಮಾನವನ್ನು ಬೇಗ ದಾಟಬಹುದು. ಕನ್ನಡ ಪತ್ರಿಕೆಗಳಲ್ಲಿ ಫೋಟೋ ಅಚ್ಚಾಗಬೇಕಾದರೆ ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ಆ ಖರ್ಚು ಮಂತ್ರಿ ಮಹೋದಯರಿಗೆ ಮೀಸಲಾಗಿತ್ತು. 1970ರಲ್ಲಿ ಮಣಿಪಾಲದಿಂದ 'ಉದಯವಾಣಿ' ಆಫ್‌ಸೆಟ್ ಮುದ್ರಣದಲ್ಲಿ ಹೊರಟಾಗ ಕರಾವಳಿಯ ಓದುಗರಿಗೆ ಮೊದಲ ಬಾರಿ ದಿನಪತ್ರಿಕೆಯಲ್ಲಿ ಮುಖಗಳು ಮುಖಗಳಂತೆ ಕಂಡವು. ಚಿತ್ರ ಅಗ್ಗವಾದಾಗ ಬಡವನ ಮನೆಯೂ ಪುಟಕ್ಕೆ ಬಂತು. ದಾರಿ ಇಲ್ಲದ ಹಳ್ಳಿ, ಸೋರುವ ಮಾಡು, ಸಂಕವಿಲ್ಲದ ಹೊಳೆ. ಅಂಥ ಚಿತ್ರದಿಂದ ಸಂಕವಾದದ್ದೂ ಉಂಟು, ಬರೀ ಚಿತ್ರವಾಗಿ ಉಳಿದದ್ದೂ ಉಂಟು.

ಬಡವರನ್ನು ಬೇರೆ ರೀತಿ ಕಂಡ ಕನ್ನಡಿಗನ ಹೆಸರು ಹೇಳಬೇಕೆಂದರೆ ಮೈಸೂರಿನ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ಸಿಡುಬು ನಿರ್ಮೂಲನದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ, ಮಕ್ಕಳಿಗಾಗಿ ಯುನಿಸೆಫ್ ಜೊತೆ ಹಳ್ಳಿ ಹಳ್ಳಿ ತಿರುಗಿದವರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನ ಕಂಡವು. ಅವರ ಬಡ ಮಕ್ಕಳು ಆಡುತ್ತಾರೆ, ಓದುತ್ತಾರೆ, ಸ್ನಾನ ಮಾಡಿಸಿಕೊಳ್ಳುತ್ತಾರೆ, ನಗುತ್ತಾರೆ. ಇದು ಬಡತನಕ್ಕೆ ಬಣ್ಣ ಬಳಿದಂತೆ ಎನ್ನುವವರಿದ್ದಾರೆ. ಆ ತಕರಾರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಸಿವನ್ನು ಚೆಂದವಾಗಿ ತೋರಿಸುವುದೂ ಒಂದು ಸುಳ್ಳೇ. ಆದರೂ ಎರಡು ಬಗೆಯ ಚಿತ್ರಗಳಲ್ಲಿ ಒಂದನ್ನು ಆರಿಸು ಎಂದರೆ, ಮಗು ತನ್ನ ಕೆಲಸದಲ್ಲಿ ಮುಳುಗಿ ಫೋಟೋಗ್ರಾಫರನನ್ನು ಮರೆತಿರುವ ಚಿತ್ರವನ್ನೇ ಆರಿಸುತ್ತೇನೆ. ಅಲ್ಲಿ ಯಾರೂ ಯಾವ ಅರ್ಹತೆಯನ್ನೂ ಸಾಬೀತು ಮಾಡುತ್ತಿಲ್ಲ.

ಅರ್ಹತೆ ಸಾಬೀತು ಮಾಡುವ ಚಿತ್ರ ಮುಗಿದುಹೋಯಿತೆಂದು ಮಾತ್ರ ತಿಳಿಯಬೇಡಿ. ಸರ್ಕಾರಿ ವಸತಿ ಯೋಜನೆಯಲ್ಲಿ ಮನೆ ಪಡೆಯುವವರು ಹಳೆಯ ಗುಡಿಸಲಿನಿಂದ ಹಿಡಿದು ಪಾಯ, ಗೋಡೆ, ಮಾಡಿನವರೆಗೆ ಹಂತ ಹಂತಕ್ಕೂ ಜಿಪಿಎಸ್ ಗುರುತಿನ ಫೋಟೋ ಕೊಡಬೇಕು, ಆಮೇಲೆ ಕಂತು. ಉದ್ಯೋಗ ಖಾತರಿಯಲ್ಲಿ 2023ರ ಜನವರಿ 1ರಿಂದ ಕೂಲಿಗಳ ಹಾಜರಿಗೆ ದಿನಕ್ಕೆರಡು ಫೋಟೋ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಕಾಡಂಚಿನ ಊರಲ್ಲಿ ಫೋಟೋ ಏರದಿದ್ದರೆ ಮಾಡಿದ ಕೆಲಸಕ್ಕೂ ಕುತ್ತು. ಈ ಏರ್ಪಾಡು ಕಳ್ಳರನ್ನು ಹಿಡಿಯಲೆಂದು. ಆದರೆ 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವಿಲ್ಲದ ಚಿತ್ರಗಳು, ಫೋಟೋದ ಫೋಟೋಗಳು ಹಾಜರಿಗೆ ಏರುತ್ತಿವೆ ಎಂದು ಒಪ್ಪಿಕೊಂಡಿತು. ಟೆಂಪಲ್ ಇದ್ದಿದ್ದರೆ ಈ ಯಂತ್ರವನ್ನು ಮೆಚ್ಚುತ್ತಿದ್ದ. 2020ರ ಲಾಕ್‌ಡೌನಿನಲ್ಲಿ ಅಕ್ಕಿ ಚೀಲ ಕೊಡುವಾಗ ಕೊಡುವವರು ಐವರು, ಪಡೆಯುವಾಕೆ ಒಬ್ಬಳು ಇದ್ದ ಚಿತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ರಾಜಸ್ಥಾನದ ಅಜ್ಮೇರ್ ಜಿಲ್ಲಾಡಳಿತ ಆಗ ಆಹಾರ ಹಂಚುವಾಗ ಫೋಟೋ ತೆಗೆಯಬಾರದೆಂದು ಆದೇಶಿಸಿದ್ದು ನೆನಪಿಡಬೇಕಾದ ಅಪವಾದ.

ಕೊರಗರ ಮಟ್ಟಿಗೆ ಕಾನೂನು ಬಂದದ್ದು 2000ದಲ್ಲಿ. ಮೇಲ್ಜಾತಿಯವರ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳದ ಕೆರೆಯಲ್ಲಿ ಕೋಣಗಳಿಗಿಂತ ಮೊದಲು ಓಡಿಸುವುದು, ಹೀಗೆ ಅಜಲು ಎಂಬ ಹೆಸರಿನಲ್ಲಿ ನಡೆಯುತ್ತಿದ್ದುದನ್ನೆಲ್ಲ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆ ಅಪರಾಧವೆಂದಿತು. ಬಿಟ್ಟಿ ಡೋಲು ಬಡಿಸುವುದೂ ಅದರಲ್ಲಿ ಸೇರಿದೆ. ಆದರೆ ಉತ್ಸವದ ಮೆರವಣಿಗೆ, ವೇದಿಕೆ, ಪ್ರವಾಸದ ಪುಸ್ತಿಕೆಗಳಿಗೆ ಕೊರಗ ಎಂದರೆ ಇಂದಿಗೂ ಡೋಲು ಮತ್ತು ಬುಟ್ಟಿಯೇ ಬೇಕು.

ಹೆಬ್ರಿ ಕಾರ್ಕಳದಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ದೇಶದ ಕ್ಯಾಮೆರಾಗಳೆಲ್ಲ ಈ ಕಡೆ ತಿರುಗಿದ್ದು 2024ರ ನವೆಂಬರಿನಲ್ಲಿ. 18ರ ರಾತ್ರಿ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ. ಮರುದಿನದಿಂದ ಕಾಡಿನೊಳಗಿನ ಮಲೆಕುಡಿಯರ ಮನೆ, ಅಂಗಳ, ಅಡಿಕೆ ಮರ ಎಲ್ಲವೂ ಟಿವಿ ಪರದೆಯ ಮೇಲೆ. ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ದಶಕಗಳಿಂದ ಒಕ್ಕಲೆಬ್ಬಿಸುವ ಮಾತು ಕೇಳುತ್ತ ಬಂದ ಜನ ಅವರು. ದಾರಿ ಬೇಕು ಎಂದು ಕೇಳಿದಾಗ ಬಾರದ ಕ್ಯಾಮೆರಾ ಹೆಣ ಬಿದ್ದಾಗ ದಾರಿ ಹುಡುಕಿಕೊಂಡು ಬಂತು.

ಇನ್ನೊಂದು ಘಟನೆ ಈ ಇಡೀ ಕಥೆಗೆ ಬೇರೆ ತಿರುವು ಕೊಡುತ್ತದೆ. 2021ರ ಡಿಸೆಂಬರ್ 27ರ ರಾತ್ರಿ ಉಡುಪಿ ಜಿಲ್ಲೆಯ ಕೋಟತಟ್ಟಿನಲ್ಲಿ ಕೊರಗರ ಮನೆಯೊಂದರಲ್ಲಿ ಮೆಹಂದಿ. ದೀಪ, ಡಿಜೆ, ನೆಂಟರು. ಸದ್ದಿನ ದೂರಿನ ಮೇಲೆ ಬಂದ ಪೊಲೀಸರು ಮದುಮಗನನ್ನೂ ಬಿಡದೆ ಹೊಡೆದರೆಂದು ಮನೆಯವರು ದೂರಿದರು. ಗಾಯಗೊಂಡವರ ಚಿತ್ರಗಳು ಪತ್ರಿಕೆ, ಟಿವಿಗಳಲ್ಲಿ ಬಂದವು. ಠಾಣೆಯ ಎಸ್‌ಐ ಅಮಾನತಾದರು, ಆಗಿನ ಗೃಹಸಚಿವ ಆರಗ ಜ್ಞಾನೇಂದ್ರ ಆ ಮನೆಗೆ ಬಂದರು, ತನಿಖೆ ಸಿಐಡಿಗೆ ಹೋಯಿತು. ಅದರ ನಡುವೆ ಕೊರಗರ ಮೇಲೂ ಪ್ರತಿದೂರು ದಾಖಲಾಯಿತು. ಈ ಬಾರಿ ಏಟು ತಿಂದವರು ಮುಖ ಮುಚ್ಚಿಕೊಳ್ಳಲಿಲ್ಲ, ಓಡಲೂ ಇಲ್ಲ. ನೋವನ್ನು ತೋರಿಸಿದರು, ಏನಾಯಿತೆಂದು ತಮ್ಮ ಬಾಯಲ್ಲೇ ಹೇಳಿದರು. ಬಡವರ ಚಿತ್ರವನ್ನೇ ತೆಗೆಯಬಾರದು ಎನ್ನುವ ವಾದ ಇಲ್ಲಿ ಮುರಿದು ಬೀಳುತ್ತದೆ. ಅಂಥ ನಿಯಮವಿದ್ದರೆ ಲಾಭವಾಗುತ್ತಿದ್ದುದು ಲಾಠಿ ಹಿಡಿದವರಿಗೆ.

ತಮ್ಮ ಬಾಯಲ್ಲೇ ಹೇಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಅಮೆರಿಕದಲ್ಲಿ 1936ರಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ಜಗತ್ತಿಗೆಲ್ಲ ಗೊತ್ತು. ಆ ತಾಯಿಗೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರಿದೆಯೆಂದು ಜಗತ್ತಿಗೆ ಗೊತ್ತಾದದ್ದು ನಲವತ್ತು ವರ್ಷಗಳಾದ ಮೇಲೆ, ತನಗೆ ಅದರಿಂದ ಚಿಕ್ಕಾಸೂ ಸಿಗಲಿಲ್ಲ, ತೆಗೆಯದಿದ್ದರೇ ಚೆನ್ನಾಗಿತ್ತು ಎಂದು ಆಕೆಯೇ ಬಾಯಿಬಿಟ್ಟಾಗ. ಹೂಪರನ ಅಂಗಳದಲ್ಲಿ ಕೂತವರಿಗೆ ಆ ನಲವತ್ತು ವರ್ಷಗಳ ಆಯುಸ್ಸಿರಲಿಲ್ಲ. ಅವರ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಂಥ ಸಂಗ್ರಹಗಳಲ್ಲಿವೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಇಳಿಸಿಕೊಳ್ಳುತ್ತಲೂ ಇದ್ದಾರೆ. 1943ರ ಬಂಗಾಳದ ಬರ, ಚರ್ಚಿಲ್‌ನ ಅಪರಾಧ ಎಂಬ ಒಕ್ಕಣೆಯೊಂದಿಗೆ ವಾಟ್ಸಾಪಿನಲ್ಲಿ ಓಡಾಡುವ ಚಿತ್ರಗಳಲ್ಲಿ ಹಲವು 1877ರ ಆಸುಪಾಸಿನಲ್ಲಿ ಮದರಾಸಿನಲ್ಲಿ ತೆಗೆದವು.